ಎತ್ತರದ ನೋಟ, ನೆಲದ ನೋಟ

ಹಾಳಾದ ಪುರಗಳನ್ನು ಕಾಣಹೊರಟವನು ಅವನ್ನು ಎಲ್ಲಿ ನಿಂತು ನೋಡತಕ್ಕದ್ದು? ಹೆಲಿಕಾಪ್ಟರನ್ನೇರಿ ರೋಮನರ ಅವಶೇಷಗಳನ್ನು ಅಲ್ಪಕಾಲದಲ್ಲಿ ಸುತ್ತಿನೋಡಿ ಬರುವುದು ಸಾಧ್ಯವಾಗಿರುವ ಈ ಕಾಲದಲ್ಲಿ, ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ. ಧರ್ಮವಿಚಾರವೂ ಇದರಲ್ಲಿ ಅಡಗಿದೆ.

ಆಕಾಶದ ನೋಟವನ್ನು ಹಗುರವಾಗಿ ತಳ್ಳಿಹಾಕಲಾಗದು. ಹೂತುಹೋದ ಗೋಡೆಯ ಮೇಲೆ ಪೈರು ಬಡವಾಗಿಯೂ, ಮುಚ್ಚಿದ ಕಂದಕದ ಮೇಲೆ ಹುಲುಸಾಗಿಯೂ ಬೆಳೆಯುವುದು. ಇಳಿಬಿಸಿಲಿನಲ್ಲಿ ಅಲ್ಪ ದಿಣ್ಣೆಯೂ ನೆರಳು ಚೆಲ್ಲುವುದು. ನೆಲದಲ್ಲಿ ನಡೆಯುವವನಿಗೆ ತೋರದ ಈ ರೇಖೆಗಳು ಮೇಲಿನಿಂದ ಸ್ಫುಟವಾಗಿ ಗೋಚರಿಸುತ್ತವೆ. 1925ರಿಂದ 1932ರವರೆಗೆ ಸಿರಿಯಾದ ಮರುಭೂಮಿಯ ಮೇಲೆ ವಿಮಾನದಲ್ಲಿ ಹಾರಾಡಿದ ಫ್ರೆಂಚ್ ಪಾದ್ರಿ ಪೊಯ್ದೆಬಾರನು, ರೋಮನರ ಗಡಿಯ ದಾರಿಗಳನ್ನೂ ಕೋಟೆಗಳನ್ನೂ ಹೀಗೆಯೇ ಗುರುತಿಸಿ 1934ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅಲ್ಜೀರಿಯದ ತಿಮ್ಗಾದ್ ನಗರವನ್ನು ಕ್ರಿ.ಶ. 100ರ ಸುಮಾರಿಗೆ ಟ್ರಾಜನ್ ಚಕ್ರವರ್ತಿಯು ನಿವೃತ್ತ ಯೋಧರಿಗಾಗಿ ಕಟ್ಟಿಸಿದನು. ಅದರ ಬೀದಿಗಳು ಚದುರಂಗದ ಹಾಸಿನಂತಿರುವುದನ್ನು ಒಂದೇ ನೋಟಕ್ಕೆ ಗ್ರಹಿಸಲು ಎತ್ತರವೇ ಬೇಕು.

ಆದರೆ ಆ ಹಾಸನ್ನು ಹಾಸಿದವನ ಕಣ್ಣೂ ಇಂತಹದೇ ಆಗಿತ್ತಲ್ಲವೆ? ಮೇಲಿನಿಂದ ನೋಡುವವನಿಗೆ ಪುರವನ್ನು ಯೋಜಿಸಿದವನ ಸಂಕಲ್ಪವು ಕಾಣುವುದೇ ಹೊರತು, ಅಲ್ಲಿ ಬಾಳಿದವರ ಬದುಕು ಕಾಣದು. ರೋಮಿನ ಕೊಲೊಸಿಯಮ್ ಆಕಾಶದಿಂದ ಸುಂದರವಾದ ಅಂಡಾಕೃತಿ. ಆಟದ ಕಣದ ಅಡಿಯಲ್ಲಿ ಮೃಗಗಳನ್ನು ಕೂಡಿದ್ದ ಇಕ್ಕಟ್ಟಿನ ಅಂಕಣಗಳನ್ನು ಸಮೀಪದಿಂದ ಕಂಡವನಿಗೆ ಆ ಸೌಂದರ್ಯದ ಬೆಲೆ ತಿಳಿಯುವುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹುದುಗಿದ ಪೊಂಪೆಯಿಯಲ್ಲಿ ಬಂಡಿಗಾಲಿಗಳು ಸವೆಸಿದ ಕಲ್ಲುಗಳಿವೆ. ಮೃತದೇಹಗಳು ಕರಗಿ ಉಳಿದಿದ್ದ ಪೊಳ್ಳುಗಳಿಗೆ 1863ರಲ್ಲಿ ಫಿಯೊರೆಲ್ಲಿ ಎಂಬ ಪಂಡಿತನು ಗಾರೆಯನ್ನು ಹೊಯ್ಯಿಸಿದಾಗ, ಸಾಯುವ ಗಳಿಗೆಯ ಮನುಷ್ಯರ ಭಂಗಿಗಳೇ ಮೂಡಿಬಂದವು. ಹಾರುವವನಿಗೆ ಇವೊಂದೂ ಇಲ್ಲ.

ನಡೆಯಲಾರದ ವೃದ್ಧರಿಗೂ ಅಶಕ್ತರಿಗೂ ಈ ವಾಹನವು ಉಪಕಾರಿಯಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ನ್ಯಾಯವಾದ ಮಾತು. ಸಹಸ್ರಾರು ಕಾಲುಗಳ ತುಳಿತದಿಂದ ಹಳೆಯ ಕಲ್ಲು ಸವೆಯುವುದೂ ನಿಜ. ದೋಷವು ಯಂತ್ರದಲ್ಲಿಲ್ಲ, ನಕ್ಷೆಯನ್ನು ಕಂಡೊಡನೆ ಊರನ್ನೇ ಕಂಡೆನೆಂಬ ತೃಪ್ತಿಯಲ್ಲಿದೆ. ಈ ತೃಪ್ತಿಯು ಪ್ರವಾಸಿಗೆ ಮಾತ್ರ ಅಂಟುವ ರೋಗವಲ್ಲ. ಅಂಕೆಸಂಖ್ಯೆಗಳ ಪಟ್ಟಿಯನ್ನು ನೋಡಿ ಪ್ರಜೆಗಳ ಸ್ಥಿತಿಯನ್ನು ಬಲ್ಲೆನೆನ್ನುವ ಅಧಿಕಾರಿಗೂ, ರಾಜವಂಶಗಳ ಕಾಲಗಣನೆಯನ್ನು ಕಲಿತು ಇತಿಹಾಸವನ್ನು ಅರಿತೆನೆನ್ನುವ ವಿದ್ಯಾವಂತನಿಗೂ ಅದು ಸುಲಭವಾಗಿ ಬರುವುದು.

ಎತ್ತರದಿಂದ ತಿಳಿವಳಿಕೆ ವಿಸ್ತಾರವಾಗುವುದಾದರೆ ಏರೋಣ. ಆದರೆ ಸಾಧ್ಯವಿದ್ದವರು ಇಳಿದು ಒಂದು ಬೀದಿಯನ್ನಾದರೂ ನಡೆಯಬೇಕು. ಸಾಧ್ಯವಿಲ್ಲದವರು, ತಾವು ಕಾಣದೆ ಉಳಿದದ್ದು ಬಹಳವಿದೆಯೆಂಬುದನ್ನು ಮನಸ್ಸಿನಲ್ಲಿಡಬೇಕು. ಗತಿಸಿದವರಿಗೆ ನಾವು ಸಲ್ಲಿಸಬಹುದಾದ ಮರ್ಯಾದೆ ಇಷ್ಟೇ.