ಅಳತೆ ಎಲ್ಲಿಂದ?

ದಾಂಡೇಲಿ, ಜೊಯಿಡಾ ಕಡೆಯ ಹಳೆಯ ಜೀಪುಗಳಲ್ಲಿ ಡೈನಮೊ ಇರುತ್ತಿತ್ತು. ಎಂಜಿನ್ ನಿಧಾನವಾದರೆ ಅದು ಚಾರ್ಜ್ ಮಾಡುವುದಿಲ್ಲ. ಘಟ್ಟದ ಮಳೆಗಾಲದಲ್ಲಾದರೆ ಹಗಲಲ್ಲೇ ಹೆಡ್‌ಲೈಟು, ವೈಪರು. ಕೆಸರಿನಲ್ಲಿ ಗಾಡಿ ತೆವಳಿಕೊಂಡು ಹೋಗಬೇಕು. ಸಂಜೆಗೆ ಬ್ಯಾಟರಿ ಡೌನ್. ಅದಕ್ಕೇ ಡೈನಮೊ ಇಳಿಸಿ ಆಲ್ಟರ್ನೇಟರ್ ಕೂರಿಸುವವರು ಹೆಚ್ಚಾದರು.

ಆಲ್ಟರ್ನೇಟರಿನೊಳಗೆ ತಿರುಗುವುದು ಫೀಲ್ಡ್ ಕಾಯಿಲ್. ಅದಕ್ಕೆ ಮೂರು ನಾಲ್ಕು ಆಂಪಿಯರ್ ಕೊಟ್ಟರೆ ಸುತ್ತಲಿನ ಸುರುಳಿಗಳಿಂದ ನಲವತ್ತರಷ್ಟು ಹೊರಡುತ್ತದೆ. ಕರೆಂಟ್ ಹಿಂದಕ್ಕೆ ಹರಿಯದಂತೆ ಡಯೋಡುಗಳೇ ತಡೆಯುವುದರಿಂದ ಡೈನಮೊ ಕಾಲದ ಕಟೌಟ್ ಬೇಕಿಲ್ಲ. ಉಳಿಯುವುದು ರೆಗ್ಯುಲೇಟರ್. ಅದು ಕರೆಂಟನ್ನು ಹುಟ್ಟಿಸುವುದಿಲ್ಲ. ವೋಲ್ಟೇಜ್ ನೋಡಿಕೊಂಡು, 14 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುವಂತೆ ಫೀಲ್ಡನ್ನು ಏರಿಸುತ್ತದೆ, ಇಳಿಸುತ್ತದೆ. ಕೆಲವು ಆಲ್ಟರ್ನೇಟರುಗಳಲ್ಲಿ ಅದು ಹೊರಗೆ ಮಡ್‌ಗಾರ್ಡಿಗೆ ಬೋಲ್ಟ್ ಆಗಿರುತ್ತದೆ, ಈಚಿನವುಗಳಲ್ಲಿ ಒಳಗೇ.

ಒಳಗಿನದು ಒಳ್ಳೆಯದೋ ಹೊರಗಿನದೋ ಎಂಬ ವಾದವನ್ನು ಗ್ಯಾರೇಜಿನಲ್ಲಿ ಬಹಳ ಕೇಳಿದ್ದೇನೆ. ಹೊರಗಿನದು ಕೆಟ್ಟರೆ ದಾರಿಯಲ್ಲೇ ಬದಲಿಸಬಹುದು, ಒಳಗಿನದಕ್ಕೆ ಆಲ್ಟರ್ನೇಟರನ್ನೇ ಬಿಚ್ಚಬೇಕು. ಒಳಗಿನದಕ್ಕೆ ತಂತಿ ಕಡಿಮೆ, ತಪ್ಪೂ ಕಡಿಮೆ. ಎರಡೂ ನಿಜವೇ. ಆದರೆ ರೆಗ್ಯುಲೇಟರ್ ಎಲ್ಲಿ ಕೂತಿದೆ ಎನ್ನುವುದಕ್ಕಿಂತ ಅದು ಎಲ್ಲಿಯ ವೋಲ್ಟೇಜ್ ನೋಡುತ್ತಿದೆ ಎನ್ನುವುದೇ ದೊಡ್ಡ ಪ್ರಶ್ನೆ ಎಂದು ನನಗೆ ತಿಳಿದದ್ದು ಹಳಿಯಾಳದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನರಿಂದ. ಹೊಸದಾಗಿ ಆಲ್ಟರ್ನೇಟರ್ ಹಾಕಿಸಿದ ಒಂದು ಜೀಪು ಬೆಳಿಗ್ಗೆ ಸೆಲ್ಫ್ ತಗೊಳ್ಳುತ್ತಿರಲಿಲ್ಲ. ಚಾಲಕ ಆಲ್ಟರ್ನೇಟರಿನ ಬೋಲ್ಟಿಗೆ ಮೀಟರ್ ಹಿಡಿದು, 14.2 ಬರುತ್ತಿದೆ, ಬ್ಯಾಟರಿಯೇ ಹಾಳು ಎಂದ. ಅವರು, “ಅಲ್ಲಿ ಹಿಡಿಬ್ಯಾಡೋ ತಮ್ಮಾ, ಬ್ಯಾಟರಿ ಮ್ಯಾಲ ಹಿಡಿ” ಎಂದರು. ಎಲ್ಲ ಲೈಟು ಹಾಕಿಸಿ ಅಲ್ಲಿ ಹಿಡಿದಾಗ ಬಂದದ್ದು 13.4.

ಡೈನಮೊ ಕಾಲದ ತಂತಿ ಹಾಗೇ ಉಳಿದಿತ್ತು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮೂರು ಮೀಟರ್ ಓಡಿದರೆ ಅದರ ಪ್ರತಿರೋಧ ಸುಮಾರು 0.02 ಓಮ್. ನಲವತ್ತು ಆಂಪಿಯರ್ ಹರಿದಾಗ 0.8 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, ತಂತಿ ಬಿಸಿಯಾಗುತ್ತದೆ. ಒಳಗಿನ ರೆಗ್ಯುಲೇಟರ್ ತನ್ನ ಪಕ್ಕದ ವೋಲ್ಟೇಜನ್ನಷ್ಟೇ ನೋಡಿ ಸಾಕು ಎಂದು ಫೀಲ್ಡ್ ಇಳಿಸುತ್ತಿತ್ತು. ಬ್ಯಾಟರಿ ಎಂದೂ ತುಂಬುತ್ತಿರಲಿಲ್ಲ. ಅವರು ದಪ್ಪ ಕೇಬಲ್ ಎಳೆದರು. ಆ ಆಲ್ಟರ್ನೇಟರಿಗೆ ಸೆನ್ಸ್ ತಂತಿಯ ಜಾಗವೂ ಇತ್ತು. ಅಲ್ಲಿಂದ ಒಂದು ಸಣ್ಣ ತಂತಿಯನ್ನು ನೇರ ಬ್ಯಾಟರಿಯ ಪಾಸಿಟಿವ್‌ಗೆ ಕೊಟ್ಟರು. ಹೆಚ್ಚು ಕರೆಂಟ್ ಹರಿಯದ, ಸುದ್ದಿಯನ್ನಷ್ಟೇ ತರುವ ತಂತಿ ಅದು. ನನ್ನ ಮಟ್ಟಿಗೆ ಇಡೀ ವೈರಿಂಗಿನಲ್ಲಿ ಅದೇ ಮುಖ್ಯ.

ಹೊರಗಿನ ರೆಗ್ಯುಲೇಟರ್ ತಪ್ಪು ಓದುವುದು ಇನ್ನೊಂದು ಬಗೆಯಲ್ಲಿ. ಜೊಯಿಡಾದ ಮಳೆಗೆ ಮಡ್‌ಗಾರ್ಡಿನ ಬೋಲ್ಟು ತುಕ್ಕು ಹಿಡಿದು ಅರ್ಥಿಂಗ್ ಸಡಿಲವಾದರೆ, ಇದ್ದುದಕ್ಕಿಂತ ಕಡಿಮೆ ವೋಲ್ಟೇಜ್ ಅದಕ್ಕೆ ಕಾಣುತ್ತದೆ. ಸಾಲದು ಎಂದುಕೊಂಡು ಫೀಲ್ಡನ್ನು ಏರಿಸುತ್ತಲೇ ಹೋಗುತ್ತದೆ. ಬ್ಯಾಟರಿಯ ನೀರು ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ. ತನ್ನ ಹತ್ತಿರವನ್ನಷ್ಟೇ ನೋಡಿದ್ದು ಕಡಿಮೆ ಕೊಟ್ಟಿತು, ನೆಲದ ಸಂಪರ್ಕ ಕಳೆದುಕೊಂಡದ್ದು ಅತಿಯಾಗಿ ಕೊಟ್ಟಿತು. ಎರಡು ರೆಗ್ಯುಲೇಟರುಗಳೂ ಕೆಟ್ಟಿರಲಿಲ್ಲ. ತಮಗೆ ತಲುಪಿದ ಸುದ್ದಿಗೆ ತಕ್ಕಂತೆ ಸರಿಯಾಗಿಯೇ ನಡೆದುಕೊಂಡಿದ್ದವು. ಕೆಟ್ಟ ಆಡಳಿತದ ಹಿಂದೆ ಕೆಟ್ಟ ಮನಸ್ಸೇ ಇರಬೇಕೆಂದು ನಂಬಿದ್ದ ನನಗೆ ಇದು ಬಹಳ ದಿನ ತಲೆಯಲ್ಲಿ ಕೊರೆಯಿತು.

ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರದ ಆರು ಜನರೇಟರುಗಳಲ್ಲಿ ನಡೆಯುವುದೂ ಮೂಲತಃ ಇದೇ: ತಿರುಗುವ ಫೀಲ್ಡ್, ಅದನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಅವುಗಳ ಒಟ್ಟು ಸಾಮರ್ಥ್ಯ ಸುಮಾರು 900 ಮೆಗಾವ್ಯಾಟ್. ಅವನ್ನು ತಿರುಗಿಸುವ ನೀರಿಗಾಗಿ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ಮುಳುಗಿತು. ಅಲ್ಲಿಯವರಲ್ಲಿ ಅನೇಕರು ಜೊಯಿಡಾ ತಾಲ್ಲೂಕಿನ ರಾಮನಗರಕ್ಕೆ ಹೋಗಿ ನೆಲೆಸಿದರು. ಅದೇ ತಾಲ್ಲೂಕಿನ ಒಳಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ದೂರ, ಲೈನು ಕಾಡಿನೊಳಗೆ ಉದ್ದಕ್ಕೆ ಎಳೆದದ್ದು. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ 230 ವೋಲ್ಟ್ ತೋರಿಸುವ ಮೀಟರ್, ಕೊನೆಯ ಮನೆಯಲ್ಲಿ ಸಂಜೆ ಹೊತ್ತಿಗೆ ಎಷ್ಟು ತೋರಿಸುತ್ತದೆ? ಜೀಪಿನ ಆ 0.8 ವೋಲ್ಟಿನ ಲೆಕ್ಕವೇ ಇಲ್ಲೂ ನಡೆಯುತ್ತದೆ, ಮೂರು ಮೀಟರಿನ ಬದಲು ಮೈಲುಗಟ್ಟಲೆ.

ಕರೆಂಟು ಬಂದಿದೆಯೇ ಎಂದು ಕಂಬದ ಹತ್ತಿರ ನೋಡಿ ವರದಿ ಬರೆದರೆ ವರದಿಯಲ್ಲಿ ಸುಳ್ಳಿರುವುದಿಲ್ಲ. ಆದರೂ ಕೊನೆಯ ಮನೆಯ ಮಿಕ್ಸರ್ ತಿರುಗುವುದಿಲ್ಲ, ಪಂಪು ನೀರೆತ್ತುವುದಿಲ್ಲ. ಬರುವ ಮಳೆಗಾಲದಲ್ಲಿ ಒಂದು ಸಾದಾ ಮೀಟರ್ ಹಿಡಿದು, ಸಂಜೆ ಏಳರ ಹೊತ್ತಿಗೆ, ಅಂಥ ಮನೆಗಳಿಂದಲೇ ಲೆಕ್ಕ ಶುರುಮಾಡಬೇಕು ಎಂದು ಊರ ಹುಡುಗರಿಗೆ ಹೇಳಿದ್ದೇನೆ.