ಉಳಿದ ಇಂಧನ ಯಾರದು?

ಅಹಮದಾಬಾದಿನಿಂದ ಬೆಂಗಳೂರಿಗೆ ಹಿಂದೆ ನಾವು ವರುಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಹೋಗುತ್ತಿದ್ದೆವು. ಈಗ ವಡೋದರ, ಸೂರತ್ತಿನ ಬಂಧುಗಳೂ ಒಂದು ಗೃಹಪ್ರವೇಶಕ್ಕೆಂದು ಹಾರಿ ಮರುದಿನವೇ ಮರಳುತ್ತಾರೆ.

ಎಂಜಿನ್ನೂ ಸುಧಾರಿಸಿದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ನಿಜವೇ. ಎ320 ನಿಯೋ ವಿಮಾನದ ಲೀಪ್ ಎಂಜಿನ್ನಿನಲ್ಲಿ, ಉರಿಯುವ ಒಡಲನ್ನು ಹೊಗುವ ಗಾಳಿಯ ಸುಮಾರು 11 ಪಟ್ಟು ಗಾಳಿಯನ್ನು ಮುಂದಿನ ದೊಡ್ಡ ಬೀಸಣಿಗೆ ಹೊರಗಿನಿಂದಲೇ ಹಿಂದಕ್ಕೆ ನೂಕುತ್ತದೆ. ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ನೂಕಿದರೆ ಅಷ್ಟೇ ಬಲಕ್ಕೆ ಕಡಿಮೆ ಇಂಧನ ಸಾಕು. ಹಿಂದಿನ ಪೀಳಿಗೆಯ ಎಂಜಿನ್ನಿಗಿಂತ ಸುಮಾರು ಶೇ. 15ರಷ್ಟು ಉಳಿತಾಯ.

ಆದರೆ ಉಳಿದದ್ದು ಉಳಿಯಿತೇ? ಉಗಿಯಂತ್ರ ಸುಧಾರಿಸಿದಷ್ಟೂ ಕಲ್ಲಿದ್ದಲಿನ ಖರ್ಚು ಏರುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಬರೆದಿದ್ದ. ಅಗ್ಗವಾದದ್ದನ್ನು ನಾವು ಎರಡು ಸಲ ಬಳಸುತ್ತೇವೆ. ವಿಮಾನದ ಇಂಧನ ಒಂದು ಲೀಟರ್ ಉರಿದರೆ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡ್; ಅದರ ಬಿಸಿ ತಟ್ಟುವವರಲ್ಲಿ ವಿಮಾನ ಹತ್ತದವರೇ ಹೆಚ್ಚು. ಕರಿದು ಉಳಿದ ಎಣ್ಣೆಯಿಂದಲೂ ಈ ಇಂಧನ ಮಾಡಬಹುದಂತೆ. ಫಾಫಡಾ ಕರಿಯುವ ಈ ನಾಡಿಗೆ ಹಿತವಾದ ಸುದ್ದಿಯೇ! ಆದರೆ ಊರಿನ ಬಾಣಲೆಗಳೆಲ್ಲ ಸೇರಿದರೂ ನಮ್ಮ ಓಡಾಟಕ್ಕೆ ಸಾಲವು.

ತಾಯಿಗೆ ಕಾಯಿಲೆಯೆಂದು ಊರಿನಿಂದ ಫೋನು ಬಂದರೆ ಹಾರಲೇಬೇಕು. ಅದನ್ನು ದುಂದು ಎನ್ನುವ ಎದೆ ನಮಗಿಲ್ಲ. ಗೃಹಪ್ರವೇಶಕ್ಕೆ? ಹೋಳಿಗೆಯೂಟಕ್ಕೆ? ಈ ಲೆಕ್ಕವನ್ನು ಎಂಜಿನ್ ಹಾಕದು. ಮುಂದಿನ ತಿಂಗಳು ನಮಗೂ ಒಂದು ಗೃಹಪ್ರವೇಶದ ಕರೆ ಇದೆ. ಟಿಕೀಟು ಇನ್ನೂ ಯಾವುದನ್ನೂ ಕೊಂಡಿಲ್ಲ.