ನಂಬಿಕೆಯೂ ಪ್ರಮಾಣವೂ



ನಾಚಾರಂ ಕೈಗಾರಿಕಾ ಪ್ರದೇಶದಲ್ಲಿಯೂ, ಸಮೀಪದ ತಾರ್ನಾಕ, ಹಬ್ಸಿಗುಡಾಗಳ ಸಂಶೋಧನಾಲಯಗಳಲ್ಲಿಯೂ ದುಡಿಯುವವರು ಹಗಲೆಲ್ಲ ಅಳತೆ, ತೂಕ, ಪರೀಕ್ಷೆಗಳ ನಡುವೆ ಇರುವವರು. ಅಂಥ ಮನೆಗಳ ಮಕ್ಕಳು ಸಂಜೆ ದೇವರ ದೀಪದ ಮುಂದೆ ಕೇಳುವ ಪ್ರಶ್ನೆಯೊಂದುಂಟು: “ನಂಬುವುದು ಗುಣವೋ, ಅನರ್ಥಕ್ಕೆ ಮೂಲವೋ?” ಕೇಳಬಾರದೆಂದು ಗದರಿಸಿದ ಮಾತ್ರಕ್ಕೆ ಪ್ರಶ್ನೆ ಸಾಯುವುದಿಲ್ಲ. ಅದು ಮನೆಯ ಹೊಸ್ತಿಲು ದಾಟಿ ಹೊರಗೆ ಉತ್ತರವನ್ನು ಹುಡುಕಿಕೊಳ್ಳುತ್ತದೆ.

ನಮ್ಮ ಸಿದ್ಧಾಂತ ಈ ಪ್ರಶ್ನೆಗೆ ಅಂಜುವಂಥದಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಶ್ರೀಮದಾಚಾರ್ಯರು ಅಂಗೀಕರಿಸಿದರು. ಶ್ರೀಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಅವುಗಳ ಲಕ್ಷಣವನ್ನು ವಿಶದಪಡಿಸಿದರು. ಇವುಗಳಲ್ಲಿ ಆಗಮವು ಪ್ರತ್ಯಕ್ಷವನ್ನು ಆಶ್ರಯಿಸಿದೆ. ಕಿವಿಯಿಂದ ಕೇಳದೆ ವೇದವೂ ನಮಗೆ ತಿಳಿಯದು. ತಾನು ನಿಂತ ನೆಲವನ್ನೇ ಆಗಮವು ಅಲ್ಲಗಳೆಯಲಾರದು. ಕಣ್ಣಿಗೆ ಸತ್ಯವಾಗಿ ತೋರುವ ಜಗತ್ತು ಮಿಥ್ಯೆಯೆಂದು ಶ್ರುತಿಗೆ ಅರ್ಥ ಹೇಳಬಾರದೆಂದು ಆಚಾರ್ಯರು ವಾದಿಸಿದ್ದು ಈ ನ್ಯಾಯದಿಂದಲೇ. ಭಕ್ತಿಯ ಲಕ್ಷಣವನ್ನು ಹೇಳುವಾಗಲೂ ಅವರು ಭಗವಂತನ ಮಹಿಮೆಯ ಅರಿವನ್ನು ಮೊದಲಿಟ್ಟು, ಆ ಅರಿವಿನಿಂದ ಹುಟ್ಟುವ ಅಚಲವಾದ ಸ್ನೇಹವನ್ನು ಅನಂತರ ಇರಿಸಿದರು. ಕಾಸರಗೋಡು ಸೀಮೆಯ ತ್ರಿವಿಕ್ರಮ ಪಂಡಿತಾಚಾರ್ಯರು ಹಲವು ದಿನ ವಾದಿಸಿದ ಮೇಲೆಯೇ ಆಚಾರ್ಯರಿಗೆ ಶಿಷ್ಯರಾದರು. ಅವರ ಸಂಶಯವನ್ನು ಯಾರೂ ಪಾಪವೆನ್ನಲಿಲ್ಲ.

ಹಾಗಾದರೆ ನಂಬಿಕೆಯಿಂದ ಹಾನಿಯೇ ಇಲ್ಲವೆ? ಇದೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಶ್ರದ್ಧೆಯನ್ನು ಸಾತ್ವಿಕ, ರಾಜಸ, ತಾಮಸವೆಂದು ವಿಂಗಡಿಸಿದ್ದಾನೆ. ಮೂಢವಾದ ಹಟದಿಂದ ತನ್ನನ್ನು ಪೀಡಿಸಿಕೊಳ್ಳುವ ಅಥವಾ ಪರರನ್ನು ಕೆಡಿಸುವ ತಪಸ್ಸನ್ನು ತಾಮಸವೆಂದೇ ಕರೆದಿದ್ದಾನೆ. ಶ್ರದ್ಧೆಯಿದೆ ಎಂದಷ್ಟೇ ಹೇಳಿದರೆ ಸಾಲದು, ಎಂಥ ಶ್ರದ್ಧೆ ಎಂಬುದನ್ನೂ ಹೇಳಬೇಕಾಗುತ್ತದೆ.

ಉದಾಹರಣೆಯನ್ನು ಬೇರೆಯವರಲ್ಲಿ ಹುಡುಕುವುದು ಸುಲಭ. ನಾವು ನಮ್ಮಲ್ಲಿಯೇ ಹುಡುಕೋಣ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಕಾಲದಲ್ಲಿ, ಬ್ರಾಹ್ಮಣರು ಉಂಡು ಎದ್ದ ಎಲೆಗಳ ಮೇಲೆ ಭಕ್ತರು ಉರುಳುವ ಮಡೆಸ್ನಾನವು ಬಹುಕಾಲ ನಡೆದುಬಂದಿತು. ಚರ್ಮರೋಗವು ಗುಣವಾಗುವುದೆಂಬುದು ಅಲ್ಲಿಯ ನಂಬಿಕೆ. ಉರುಳಿದವರ ಶ್ರದ್ಧೆಯಲ್ಲಿ ಕಪಟವಿರಲಿಲ್ಲವೆಂದು ಒಪ್ಪೋಣ. ಆದರೆ ಆ ನಂಬಿಕೆಯ ಭಾರ ಬಿದ್ದದ್ದು ಯಾರ ಮೈಮೇಲೆ? ಎಲೆಯ ಮುಂದೆ ಕುಳಿತು ಉಂಡವರ ಮೇಲಲ್ಲ. ವಿವಾದವು ನ್ಯಾಯಾಲಯಗಳನ್ನು ಹತ್ತಿತು. 2014ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಉಡುಪಿಯ ಶ್ರೀಕೃಷ್ಣಮಠದಲ್ಲಿ ಮಡೆಸ್ನಾನಕ್ಕೆ ಬದಲಾಗಿ, ನೈವೇದ್ಯವಿಟ್ಟ ಎಲೆಗಳ ಮೇಲೆ ಉರುಳುವ ಎಡೆಸ್ನಾನ ಬಂದಿತ್ತು. 2018ರ ಚಂಪಾಷಷ್ಠಿಯಲ್ಲಿ, ಪರ್ಯಾಯ ಪೀಠದಲ್ಲಿದ್ದ ಪಲಿಮಾರು ಮಠದ ಶ್ರೀವಿದ್ಯಾಧೀಶತೀರ್ಥ ಶ್ರೀಪಾದರು ಅದನ್ನೂ ನಿಲ್ಲಿಸಿದರು. ಅದರಿಂದ ಕೃಷ್ಣನ ಪೂಜೆಗೆ ಕೊರತೆಯಾಯಿತೆ? ಭಕ್ತರು ಕಡಿಮೆಯಾದರೆ? ಧರ್ಮದ ಕಂಬವೆಂದು ಹಲವರು ತಿಳಿದಿದ್ದುದು ಕಂಬಕ್ಕೆ ಹತ್ತಿದ್ದ ಧೂಳಾಗಿತ್ತು.

ಇದು ದೂರದ ಮಾತೆಂದು ನಾವು ನೆಮ್ಮದಿಯಿಂದಿರಲು ಸಾಧ್ಯವಿಲ್ಲ. ನಮ್ಮ ಬಳಗದ ವೃದ್ಧ ತಾಯಿಯೊಬ್ಬರು ಸಕ್ಕರೆ ರೋಗದ ಮಾತ್ರೆಯನ್ನು ನುಂಗಿ ಏಕಾದಶಿಯಂದು ನಿರಾಹಾರರಾಗಿದ್ದರು. ದ್ವಾದಶಿಯ ಪಾರಣೆಗೆ ಮೊದಲೇ ಮೂರ್ಛೆಹೋದರು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕಿಳಿದಿತ್ತು. ಭಗವಂತನ ದಯೆಯಿಂದಲೂ ವೈದ್ಯರ ಪ್ರಯತ್ನದಿಂದಲೂ ಬದುಕಿದರು. ಅಲ್ಲಿಯವರೆಗೆ ನಾವೆಲ್ಲರೂ ಅವರ ನಿಷ್ಠೆಯನ್ನು ಹೊಗಳುತ್ತಿದ್ದೆವು; “ಅಮ್ಮಾ, ವೈದ್ಯರನ್ನು ಕೇಳಿದಿರಾ?” ಎಂದು ಒಬ್ಬರೂ ವಿಚಾರಿಸಲಿಲ್ಲ. ತಪ್ಪು ಅವರ ಭಕ್ತಿಯದಲ್ಲ, ನಮ್ಮ ಹೊಗಳಿಕೆಯದು.

ಏಕಾದಶಿಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅದು ನಮ್ಮ ಸಂಪ್ರದಾಯದ ಪ್ರಾಣಪ್ರಾಯವಾದ ವ್ರತ. ಆದರೆ ವ್ರತವನ್ನು ವಿಧಿಸಿದ ಶಾಸ್ತ್ರವೇ ಬಾಲರು, ಅತಿವೃದ್ಧರು, ರೋಗಿಗಳಿಗೆ ರಿಯಾಯಿತಿಯನ್ನೂ ಹೇಳಿದೆ. ನೀರು, ಹಣ್ಣು, ಹಾಲು, ಔಷಧ, ಗುರುವಚನ ಮೊದಲಾದವು ವ್ರತಕ್ಕೆ ಭಂಗ ತರುವುದಿಲ್ಲವೆಂದಿದೆ. ಊರಿನಲ್ಲಿದ್ದಾಗ ಇದನ್ನು ತಿಳಿದ ಹಿರಿಯರು ನೆರೆಮನೆಯಲ್ಲಿಯೇ ಇರುತ್ತಿದ್ದರು. ಅಶಕ್ತರನ್ನು ಕಂಡರೆ ತಾವಾಗಿಯೇ ಬಂದು, “ನೀವು ಹಾಲು ತೆಗೆದುಕೊಳ್ಳಿರಿ” ಎನ್ನುತ್ತಿದ್ದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ನಿಯಮವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದೆವು. ಆ ನಿಯಮದೊಳಗಿನ ದಯೆಯನ್ನು ಅಲ್ಲಿಯೇ ಬಿಟ್ಟುಬಂದೆವು. ಕೇಳಲು ಯಾರೂ ಇಲ್ಲದೆಡೆ ನಂಬಿಕೆಯು ಬಿಗಿಯಾಗುತ್ತದೆ. ಬಿಗಿಯಾದುದೆಲ್ಲ ದೃಢವಲ್ಲ.

ನಂಬಿಕೆಯನ್ನೇ ತೊರೆಯಬೇಕೆಂಬ ಮಾತೂ ಸಲ್ಲದು. ತಾಯಿಯ ಮಾತನ್ನು ನಂಬದೆ ಮಗು ನುಡಿ ಕಲಿಯದು. ಗುರುವನ್ನು ನಂಬದೆ ಶಿಷ್ಯನು ಮೊದಲ ಪಾಠವನ್ನೂ ದಾಟನು. ಇಂದ್ರಿಯಗಳಿಗೆ ನಿಲುಕದ ಭಗವಂತನ ವಿಷಯದಲ್ಲಿ ಆಗಮವೇ ನಮಗೆ ಗತಿ. ಆದರೆ ಶ್ರದ್ಧಾವಂತನು ಜ್ಞಾನವನ್ನು ಪಡೆಯುತ್ತಾನೆಂದು ಹೇಳಿದ ಗೀತೆಯ ಅದೇ ನಾಲ್ಕನೆಯ ಅಧ್ಯಾಯವು ಗುರುವಿಗೆ ನಮಸ್ಕರಿಸಿ ಪ್ರಶ್ನಿಸಬೇಕೆಂದೂ ಆಜ್ಞಾಪಿಸಿದೆ. ನಮಸ್ಕಾರವಿಲ್ಲದ ಪ್ರಶ್ನೆಯು ಉದ್ಧಟತನವಾದೀತು. ಪ್ರಶ್ನೆಯಿಲ್ಲದ ನಮಸ್ಕಾರವು ಆಲಸ್ಯವಾದೀತು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಮೂರು ಮಾತುಗಳನ್ನು ವಿಚಾರಿಸೋಣ. ಈ ನಂಬಿಕೆಗೆ ಪ್ರಮಾಣವೇನು? ಕಣ್ಣೆದುರಿನ ಸತ್ಯಕ್ಕೆ ಇದು ವಿರೋಧವೆ? ಇದರ ನೋವನ್ನು ಉಣ್ಣುವವರು ನಾವೋ, ನಮಗಿಂತ ಅಶಕ್ತರೋ? ಈ ಮೂರನ್ನೂ ದಾಟಿ ಉಳಿದ ನಂಬಿಕೆಯೇ ಶ್ರದ್ಧೆ. ಅದನ್ನು ಯಾರೂ ಕದಿಯಲಾರರು. ಮುಂದಿನ ಏಕಾದಶಿಯ ಹಿಂದಿನ ದಿನ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಮಾತ್ರೆಗಳ ವಿಷಯವನ್ನು ಒಮ್ಮೆ ವಿಚಾರಿಸಿರಿ. ಅದೂ ಹರಿಸೇವೆಯೇ.

ಶ್ರೀಕೃಷ್ಣಾರ್ಪಣಮಸ್ತು.